ಗ್ರೋವ್ ಕಾಲದ ಶಿಸ್ತು ಮರಳಿದರೆ ಇಂಟೆಲ್ ಉಳಿಯುತ್ತದೆಯೇ?

ಸರ್ಕ್ಯೂಟ್ ಶಾನುಭೋಗ

ತಮ್ಮನ ಮಗನಿಗೆ ಲ್ಯಾಪ್‌ಟಾಪ್ ಕೊಡಿಸಲು ಅಂಗಡಿಗೆ ಹೋಗಿದ್ದೆ. ರೂಢಿಯಂತೆ ‘ಇಂಟೆಲ್ ಇರುವುದನ್ನು ತೋರಿಸಿ’ ಎಂದೆ. ಅಂಬಾಸಡರ್ ಕಾರು ಕೇಳಿದವನನ್ನು ನೋಡುವಂತೆ ಹುಡುಗ ನನ್ನನ್ನು ನೋಡಿದ. ಅಂದಿನಿಂದ ಒಂದು ಪ್ರಶ್ನೆ ಕೊರೆಯುತ್ತಿದೆ. ಈ ವೇದಿಕೆಯಲ್ಲಿ ಬರೆಯುವ ನಿಮ್ಮೆಲ್ಲರ ಮುಂದೆ ಅದನ್ನು ಇಡುತ್ತಿದ್ದೇನೆ.

2021ರ ಫೆಬ್ರವರಿಯಲ್ಲಿ ಪ್ಯಾಟ್ ಗೆಲ್ಸಿಂಗರ್ ಚಿಪ್ ಕಂಪನಿ ಇಂಟೆಲ್‌ಗೆ ಮುಖ್ಯಸ್ಥರಾಗಿ ಮರಳಿದಾಗ ನಾವೆಲ್ಲ ಹಿಗ್ಗಿದ್ದೆವು. ಈತ 1979ರಲ್ಲಿ 18ನೇ ವಯಸ್ಸಿಗೆ ಅಲ್ಲಿ ಸೇರಿದವರು, 486 ಪ್ರೊಸೆಸರ್‌ನ ಮುಖ್ಯ ವಿನ್ಯಾಸಕ, ಇಂಟೆಲ್‌ನ ಹಿಂದಿನ ಮುಖ್ಯಸ್ಥ ಆಂಡಿ ಗ್ರೋವ್ ಗರಡಿಯಲ್ಲಿ ಪಳಗಿದವರು. ಗ್ರೋವ್ ಕಾಲದ ಸಂಸ್ಕೃತಿಯನ್ನು ಮರಳಿ ತರುತ್ತೇನೆಂದು ಬಾಯಿಬಿಟ್ಟೇ ಹೇಳಿದರು. ಗ್ಲೆನ್ ಹಿಂಟನ್, ಸುನಿಲ್ ಶೆಣೈ, ಶ್ಲೋಮಿತ್ ವೈಸ್ ಮುಂತಾದ ಹಳಬರು ವಾಪಸ್ ಬಂದರು. ನಾಲ್ಕು ವರ್ಷಗಳಲ್ಲಿ ಐದು ತಲೆಮಾರಿನ ತಯಾರಿಕಾ ತಂತ್ರಜ್ಞಾನ ಎಂದು ಘೋಷಣೆಯಾಯಿತು. ನಾಲ್ಕು ವರ್ಷ ತುಂಬುವ ಮೊದಲೇ, 2024ರ ಡಿಸೆಂಬರ್ 1ರಂದು ಅವರು ಹೊರಗಿದ್ದರು. ಆ ವರ್ಷದ ನಷ್ಟ 1,880 ಕೋಟಿ ಡಾಲರ್. 1986ರ ನಂತರ ಇಂಟೆಲ್ ಕಂಡ ಮೊದಲ ವಾರ್ಷಿಕ ನಷ್ಟ ಅದು.

ಈಗ ಮುಖ್ಯಸ್ಥರಾಗಿ ಲಿಪ್-ಬು ಟಾನ್ ಇದ್ದಾರೆ. ಅವರದೂ ಅದೇ ರಾಗ: ಎಂಜಿನಿಯರುಗಳಿಗೆ ಮೊದಲ ಮಣೆ, ಅಧಿಕಾರಿಗಳ ಮಹಡಿಗಳು ಕಡಿಮೆ, ಸಭೆಗಳು ಕಡಿಮೆ, ವಾರಕ್ಕೆ ನಾಲ್ಕು ದಿನ ಕಚೇರಿ. ಹಳೆಯ ಸಂಸ್ಕೃತಿಯನ್ನು ಎಬ್ಬಿಸಿ ಕೂರಿಸಿದರೆ ಚಿಪ್ ಕಂಪನಿ ಉಳಿಯುತ್ತದೆಯೇ? ಅಥವಾ ಇದು ‘ನಮ್ಮಜ್ಜ ತುಪ್ಪ ತಿಂದಿದ್ದ, ನನ್ನ ಕೈ ಮೂಸಿ ನೋಡಿ’ ಎನ್ನುವ ಕಥೆಯೇ?

ಬೆಳ್ಳಂದೂರು ದಂಡೆ

ಗ್ರೋವ್ ಸಂಸ್ಕೃತಿ ಎಂದರೆ ಏನೆಂದು ಮೊದಲು ಬಿಡಿಸಿಕೊಳ್ಳೋಣ. ಅದರಲ್ಲಿ ಎರಡು ಪದರಗಳಿದ್ದವು.

ಕಣ್ಣಿಗೆ ಕಾಣುವ ಪದರ ಒಂದು. 1971ರಲ್ಲಿ ಶುರುವಾದ ‘ತಡವಾದವರ ಪಟ್ಟಿ’ಯೇ ಅದಕ್ಕೆ ಉದಾಹರಣೆ. ಬೆಳಿಗ್ಗೆ 8.05 ದಾಟಿ ಬಂದವರು ಬಾಗಿಲಲ್ಲೇ ಸಹಿ ಹಾಕಬೇಕಿತ್ತು. ಮೇಲಧಿಕಾರಿಗೂ ಕೋಣೆ ಇಲ್ಲ, ಎಲ್ಲರಂತೆ ಅರ್ಧ ಗೋಡೆಯ ಗೂಡು. ವಾಹನ ನಿಲುಗಡೆಯಲ್ಲಿ ಮೀಸಲು ಜಾಗವಿಲ್ಲ. 1981ರಲ್ಲಿ ವ್ಯಾಪಾರ ಬಿದ್ದಾಗ ದಿನಕ್ಕೆ ಎರಡು ಗಂಟೆ ಹೆಚ್ಚು ಕೆಲಸ, ಅದಕ್ಕೆ ಸಂಬಳವಿಲ್ಲ.

ಎರಡನೆಯ ಪದರ ಕಾಣುವುದಿಲ್ಲ. ಅವರು ಅದನ್ನು ರಚನಾತ್ಮಕ ಮುಖಾಮುಖಿ ಎನ್ನುತ್ತಿದ್ದರು. ಸಭೆಯಲ್ಲಿ ಯಾರು ದೊಡ್ಡವರು ಎಂಬುದಕ್ಕಿಂತ ಯಾರ ಬಳಿ ಅಂಕಿಅಂಶ ಇದೆ ಎಂಬುದು ಮುಖ್ಯ. ಕಿರಿಯನೊಬ್ಬ ಎದ್ದು ನಿಂತು ಹಿರಿಯನ ಲೆಕ್ಕ ತಪ್ಪು ಎನ್ನಬಹುದು. ತೀರ್ಮಾನವಾದ ಮೇಲೆ ಒಪ್ಪದವನೂ ಅದಕ್ಕೆ ಬದ್ಧ.

ಮೊದಲನೆಯ ಪದರವನ್ನು ಸುತ್ತೋಲೆ ಹೊರಡಿಸಿ ತರಬಹುದು. ಎರಡನೆಯದನ್ನು ಹೇಗೆ ತರುತ್ತೀರಿ? ಅದು ಎಷ್ಟು ಸುಲಭವಾಗಿ ಸಾಯುತ್ತದೆ ಎನ್ನುವುದಕ್ಕೆ ನನ್ನದೇ ಒಂದು ಕಥೆ ಇದೆ.

ನಾನು ಕೆಲಸ ಮಾಡಿದ ಒಂದು ಚಿಪ್ ಕಂಪನಿಯಲ್ಲಿ (ಹೆಸರು ಬೇಡ) ಗುರುವಾರ ಸಂಜೆ ಪ್ರಗತಿ ವರದಿ ಹೋಗಬೇಕಿತ್ತು. ನನ್ನ ಭಾಗದ ಟೈಮಿಂಗ್ ಕೂಡಿ ಬರುತ್ತಿರಲಿಲ್ಲ. ಗಡಿಯಾರದ ಮಿಡಿತ ತಲುಪುವ ಹೊತ್ತಿಗೆ ದತ್ತಾಂಶ ಕೈಬಿಟ್ಟು ಹೋಗುವಂಥ ದೋಷ ಹತ್ತಾರು ಕಡೆ ಇತ್ತು. ನಾನು ಕೆಂಪು ಚುಕ್ಕೆ ಇಟ್ಟೆ. ತಂಡದ ಮುಖ್ಯಸ್ಥರು ಬಂದು ‘ಕೆಂಪು ಎಂದರೆ ಪರಿಹಾರವೇ ಇಲ್ಲ ಎಂದಾಗುತ್ತದೆ’ ಎಂದು ಕಿತ್ತಳೆ ಮಾಡಿದರು. ಅವರ ಮೇಲಿನವರು ಹಳದಿ ಮಾಡಿದರು. ಅದರ ಮೇಲಿನವರು ಹಸಿರು ಮಾಡಿ ಪಕ್ಕದಲ್ಲಿ ‘ಗಮನದಲ್ಲಿದೆ’ ಎಂದು ಸಣ್ಣಕ್ಷರದಲ್ಲಿ ಬರೆದರು. ವರದಿ ಸಮುದ್ರ ದಾಟುವ ಹೊತ್ತಿಗೆ ಆ ಸಣ್ಣಕ್ಷರವೂ ಉದುರಿತ್ತು. ಒಬ್ಬರೂ ಸುಳ್ಳು ಹೇಳಲಿಲ್ಲ, ಎಲ್ಲರೂ ಸ್ವಲ್ಪ ಸ್ವಲ್ಪ ಸೌಜನ್ಯ ತೋರಿಸಿದರು. ಚಿಪ್ ತಯಾರಾಗಿ ಬಂದಾಗ ಕೋಣೆಯ ಉಷ್ಣತೆಯಲ್ಲಿ ನಡೆಯಿತು, ತಣ್ಣಗೆ ಮಾಡಿದೊಡನೆ ನಿಂತಿತು. ಮಾಸ್ಕ್ (ಚಿಪ್‌ನ ಗೆರೆಗಳ ಅಚ್ಚು) ಹೊಸದಾಗಿ ಮಾಡಿಸಬೇಕಾಯಿತು. ಆ ಖರ್ಚು ನನ್ನ ಜೀವಮಾನದ ಸಂಬಳಕ್ಕಿಂತ ಹೆಚ್ಚು.

ಅರ್ಧ ವಾಹಕ

ಇಂಟೆಲ್‌ನ ಹಲವು ತಂಡಗಳಲ್ಲಿ ಎಂಟು ಮತ್ತು ಅದಕ್ಕೂ ಹೆಚ್ಚು ಹಂತಗಳಿವೆ ಎಂದು ಟಾನ್ 2025ರ ಏಪ್ರಿಲ್‌ನಲ್ಲಿ ತಾವೇ ಬರೆದರು. ತನ್ನ ಕೈಕೆಳಗೆ ಎಷ್ಟು ಜನ ಇದ್ದಾರೆ ಎಂಬುದೇ ಅನೇಕ ಮ್ಯಾನೇಜರುಗಳಿಗೆ ಮುಖ್ಯ ಅಳತೆಗೋಲಾಗಿತ್ತಂತೆ. ಅಂಬಲಿ ಕುಡಿಯುವವನಿಗೆ ಮೀಸೆ ತಿಕ್ಕುವವನೊಬ್ಬ. ಎಂಟು ಜನ ಮೀಸೆ ತಿಕ್ಕಿದರೆ ಅಂಬಲಿ ಬಾಯಿಗೆ ತಲುಪುವುದು ಯಾವಾಗ?

ಲೆಕ್ಕದ ಪುಸ್ತಕ

ಸಂಸ್ಕೃತಿ, ಸಂಸ್ಕೃತಿ ಎಂದು ಭಾವುಕರಾಗುವ ಮೊದಲು ರೊಕ್ಕದ ಕಡೆ ನೋಡಿ. ಗ್ರೋವ್ ಕಾಲದ ಗೆಲುವನ್ನು ಶಿಸ್ತಿನ ಖಾತೆಗೆ ಬರೆದುಕೊಳ್ಳುವವರು ಮೂರು ವಿಷಯ ಮರೆಯುತ್ತಾರೆ.

1981ರಲ್ಲಿ ಐಬಿಎಂ ತನ್ನ ಪಿಸಿಗೆ ಇಂಟೆಲ್‌ನ 8088 ಪ್ರೊಸೆಸರ್ ಆರಿಸಿಕೊಂಡಿತು. ಅದು ಲಾಟರಿ. ಮರುವರ್ಷ, 1982ರ ಡಿಸೆಂಬರ್‌ನಲ್ಲಿ, ಹಣದ ಮುಗ್ಗಟ್ಟಿನಲ್ಲಿದ್ದ ಇಂಟೆಲ್‌ನ ಶೇ 12ರಷ್ಟು ಷೇರನ್ನು ಅದೇ ಐಬಿಎಂ 25 ಕೋಟಿ ಡಾಲರ್ ಕೊಟ್ಟು ಕೊಂಡಿತು. ಸಂಬಳವಿಲ್ಲದೆ ಎರಡು ಗಂಟೆ ಹೆಚ್ಚು ದುಡಿಸಿದ್ದು ಸಾಲದೆ ಹೊರಗಿನ ಕೈ ಹಿಡಿಯಬೇಕಾಯಿತು ಎಂದಾಯಿತಲ್ಲ. 1985ರಲ್ಲಿ 386 ಪ್ರೊಸೆಸರ್ ಬಂದಾಗ ಅದನ್ನು ಬೇರೆ ಯಾರಿಗೂ ತಯಾರಿಸಲು ಕೊಡದೆ ತಾನೊಬ್ಬನೇ ಮಾರಿತು. ಇಂಟೆಲ್‌ನ ಲಾಭದ ಅಡಿಪಾಯ ಅದು. ಅಂಥ ಏಕಸ್ವಾಮ್ಯ ಕೈಯಲ್ಲಿದ್ದರೆ ಯಾವ ಸಂಸ್ಕೃತಿಯೂ ಚೆನ್ನಾಗಿಯೇ ಕಾಣುತ್ತದೆ.

ಈಗಿನ ಚಿತ್ರ ನೋಡಿ. 2019 ಮತ್ತು 2020ರ ಎರಡೇ ವರ್ಷಗಳಲ್ಲಿ ಇಂಟೆಲ್ ತನ್ನದೇ ಷೇರುಗಳನ್ನು ಮರುಖರೀದಿ ಮಾಡಲು ಸುರಿದದ್ದು 2,500 ಕೋಟಿ ಡಾಲರಿಗೂ ಹೆಚ್ಚು. ಗೆಲ್ಸಿಂಗರ್ ಬರುವ ಹೊತ್ತಿಗೆ ಆ ಹಣ ಹೋಗಿಯಾಗಿತ್ತು. 2025ರ ಆಗಸ್ಟ್‌ನಲ್ಲಿ ಅಮೆರಿಕ ಸರ್ಕಾರ 890 ಕೋಟಿ ಡಾಲರಿಗೆ ಸುಮಾರು ಶೇ 10ರಷ್ಟು ಪಾಲು ಪಡೆಯಿತು. ಅದೇ ತಿಂಗಳು ಸಾಫ್ಟ್‌ಬ್ಯಾಂಕ್ 200 ಕೋಟಿ ಹಾಕುವುದಾಗಿ ಹೇಳಿತು, ಸೆಪ್ಟೆಂಬರ್‌ನಲ್ಲಿ ಎನ್‌ವಿಡಿಯಾ 500 ಕೋಟಿ. 1982 ಮರುಕಳಿಸಿದೆ ಎನ್ನಿ, ಒಪ್ಪುತ್ತೇನೆ. ಆಗಿನ ಐಬಿಎಂ ಇಂಟೆಲ್‌ನ ಅತಿ ದೊಡ್ಡ ಗ್ರಾಹಕ. ಈಗ ಹಣ ಹಾಕಿದವರಲ್ಲಿ ‘ನಮ್ಮ ಚಿಪ್ಪುಗಳನ್ನು ನಿಮ್ಮ ಕಾರ್ಖಾನೆಯಲ್ಲೇ ಮಾಡಿಸುತ್ತೇವೆ’ ಎಂದು ಬರೆದುಕೊಟ್ಟವರು ಯಾರು?

ಪೋರ್ಟ್‌ಲ್ಯಾಂಡ್ ಮಳೆ

ಲೆಕ್ಕದ ಪುಸ್ತಕದವರೇ, ಲೆಕ್ಕ ಸರಿ. ಆದರೆ ಲೆಕ್ಕವೇ ಸಂಸ್ಕೃತಿಯನ್ನು ತಿಂದದ್ದೂ ಇದೆ.

ನಾನಿರುವುದು ಆರೆಗನ್ ರಾಜ್ಯದಲ್ಲಿ. ಇಂಟೆಲ್‌ನ ಮುಖ್ಯ ಸಂಶೋಧನಾ ಕಾರ್ಖಾನೆಗಳಿರುವ ಹಿಲ್ಸ್‌ಬರೋ ಇಲ್ಲಿಂದ ಅರ್ಧ ಗಂಟೆ. 2022ರಲ್ಲಿ 300 ಕೋಟಿ ಡಾಲರಿನ ವಿಸ್ತರಣೆ ಉದ್ಘಾಟಿಸಿ, ಆ ಆವರಣಕ್ಕೆ ಇಂಟೆಲ್ ಸ್ಥಾಪಕರಲ್ಲೊಬ್ಬರಾದ ಗಾರ್ಡನ್ ಮೂರ್ ಹೆಸರಿಟ್ಟರು. ಹಿರಿಯರ ಹೆಸರಿಟ್ಟರೆ ಹಿರಿಯರ ಬುದ್ಧಿ ಬರುತ್ತದೆಂಬ ನಂಬಿಕೆ ನಮ್ಮಲ್ಲಿ ಮಾತ್ರ ಇರುವುದಲ್ಲ.

2024ರ ಆಗಸ್ಟ್ 1ರಂದು 15,000 ಜನರನ್ನು ತೆಗೆಯುವುದಾಗಿ ಪ್ರಕಟಣೆ ಬಂತು. ಮರುದಿನ ಷೇರು ಶೇ 26ರಷ್ಟು ಬಿತ್ತು. ಆಮೇಲೆ ನಡೆದದ್ದು ಕೇಳಿ: ಕಚೇರಿಯಲ್ಲಿ ಬಿಟ್ಟಿ ಕಾಫಿ, ಚಹಾ, ಹಣ್ಣು ನಿಲ್ಲಿಸಿದರು. ಸಾವಿರಾರು ಕೋಟಿ ಡಾಲರಿನ ಕಾರ್ಖಾನೆ ಕಟ್ಟುವ ಕಂಪನಿ ಕಾಫಿಗೆ ಕೈ ಹಾಕಿತು. ನವೆಂಬರ್‌ನಲ್ಲಿ ಸಣ್ಣಪುಟ್ಟ ಸೌಕರ್ಯಗಳಿಗೂ ಬೆಲೆಯಿದೆ ಎಂಬ ಅರ್ಥದ ಒಕ್ಕಣೆಯೊಂದಿಗೆ ಕಾಫಿ, ಚಹಾ ಮರಳಿದವು. ಎಂಜಿನಿಯರುಗಳು ನಕ್ಕರು. ಆ ನಗುವಿನಲ್ಲಿ ಇಷ್ಟು ವರ್ಷ ಇಲ್ಲದ ಒಂದು ಬಗೆಯ ಬಿಡುಗಡೆ ಇತ್ತು: ಇನ್ನು ಈ ಕಂಪನಿಗಾಗಿ ರಾತ್ರಿ ನಿದ್ದೆ ಕೆಡಬೇಕಿಲ್ಲ ಎಂಬಂಥದು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.

ಅರ್ಧ ವಾಹಕ

ಪತನ ಶುರುವಾದದ್ದು ಕಾಫಿಯಿಂದಲ್ಲ, 10 ನ್ಯಾನೋಮೀಟರ್ ಎಂಬ ತಯಾರಿಕಾ ತಂತ್ರಜ್ಞಾನದಿಂದ. ಸ್ವಲ್ಪ ಉದ್ದವಾಗುತ್ತದೆ, ಸಹಿಸಿಕೊಳ್ಳಿ.

ಚಿಪ್ ಮಾಡುವುದೆಂದರೆ ಬೆಳಕಿನಿಂದ ಗೆರೆ ಕೊರೆಯುವುದು. ಆಗ ಬಳಕೆಯಲ್ಲಿದ್ದ ಬೆಳಕಿನ ತರಂಗಾಂತರ 193 ನ್ಯಾನೋಮೀಟರ್. ಗೆರೆಗಳು ಅದಕ್ಕಿಂತ ಬಹಳ ಸಣ್ಣವಾಗಬೇಕಾದರೆ ಒಂದೇ ಪದರವನ್ನು ಎರಡು, ನಾಲ್ಕು ಸಲ ಹಂತಹಂತವಾಗಿ ಕೊರೆಯಬೇಕು. ದಪ್ಪ ಕುಂಚದಲ್ಲಿ ರಂಗೋಲಿಯ ಎಳೆ ಬಿಡಿಸಿದ ಹಾಗೆ. ಪ್ರತಿ ಸಲವೂ ಹಿಂದಿನ ಗೆರೆಯ ಪಕ್ಕ ಕೂದಲೆಳೆಯಷ್ಟೂ ತಪ್ಪದೆ ಕೂರಬೇಕು. ಇದಕ್ಕೆ ಪರಿಹಾರವಾಗಿ 13.5 ನ್ಯಾನೋಮೀಟರ್ ಬೆಳಕಿನ ಇಯುವಿ ಯಂತ್ರ ಬರುವುದಿತ್ತು. ತಮಾಷೆ ನೋಡಿ, ಆ ಯಂತ್ರ ಮಾಡುವ ಎಎಸ್‌ಎಂಎಲ್ ಕಂಪನಿಗೆ 2012ರಲ್ಲಿ ಷೇರು ಮತ್ತು ಸಂಶೋಧನೆ ಎರಡೂ ಸೇರಿಸಿ 410 ಕೋಟಿ ಡಾಲರ್ ಕೊಡಲು ಮುಂದಾದದ್ದು ಇಂಟೆಲ್. ಆದರೆ ತನ್ನ 10 ನ್ಯಾನೋಮೀಟರ್‌ಗೆ ಆ ಯಂತ್ರ ಸಿದ್ಧವಾಗಿಲ್ಲವೆಂದು ಹಳೆಯ ಬೆಳಕಿನಲ್ಲೇ ಮುಂದುವರಿದದ್ದೂ ಇಂಟೆಲ್. ಬೇರೆಯವರ ಚಿಪ್ ಮಾಡಿಕೊಡುವ ತೈವಾನಿನ ಟಿಎಸ್‌ಎಂಸಿ 2019ರಲ್ಲೇ ಇಯುವಿ ಬಳಸಿ ಚಿಪ್ ಮಾಡಿತು. ಇಂಟೆಲ್‌ನ ಮೊದಲ ಇಯುವಿ ಚಿಪ್ ಮಾರುಕಟ್ಟೆಗೆ ಬಂದದ್ದು 2023ರ ಡಿಸೆಂಬರ್‌ನಲ್ಲಿ.

ಅಷ್ಟು ಸಾಲದೆಂಬಂತೆ ಒಂದೇ ನೆಗೆತಕ್ಕೆ ಟ್ರಾನ್ಸಿಸ್ಟರುಗಳ ಸಾಂದ್ರತೆ 2.7 ಪಟ್ಟು ಆಗಬೇಕೆಂದು ಗುರಿ ಇಟ್ಟರು. ಕೆಳಗಿನ ಪದರಗಳಲ್ಲಿ ತಾಮ್ರದ ಬದಲು ಕೋಬಾಲ್ಟ್ ತಂದರು. ಸಂಪರ್ಕ ಬಿಂದುವನ್ನು ಟ್ರಾನ್ಸಿಸ್ಟರ್‌ನ ನೆತ್ತಿಯ ಮೇಲೇ ಕೂರಿಸಿದರು. ಇವುಗಳಲ್ಲಿ ಯಾವುದೂ ಮೂರ್ಖತನವಲ್ಲ. ಎಲ್ಲವನ್ನೂ ಒಟ್ಟಿಗೆ ಹೊತ್ತದ್ದು ತಪ್ಪು. 2016ರ ಸುಮಾರಿಗೆ ಬರಬೇಕಾಗಿದ್ದದ್ದು 2017 ಎಂದಾಯಿತು, 2018ರಲ್ಲಿ ಹೆಸರಿಗೆ ಕೈಬೆರಳೆಣಿಕೆಯಷ್ಟು ಬಂತು, ನಿಜವಾಗಿ ಬಂದದ್ದು 2019ಕ್ಕೆ. 2020ರ ಜುಲೈಯಲ್ಲಿ ಅದರ ಮುಂದಿನದೂ ತಡ ಎಂದರು. ಅದೇ ನವೆಂಬರ್‌ನಲ್ಲಿ ಆ್ಯಪಲ್ ತನ್ನದೇ ಎಂ1 ಚಿಪ್ ಹೊತ್ತುಕೊಂಡು ಹೊರನಡೆಯಿತು.

ಬೆಳ್ಳಂದೂರಿನವರ ಕೆಂಪು ಚುಕ್ಕೆಯ ಕಥೆ ಓದಿದಾಗ ನನಗೆ ನೆನಪಾದದ್ದು ಈ ವರ್ಷಗಳ ಸರಮಾಲೆ. ಒಂದು ವರ್ಷ ತಡವಾದರೆ ಅದು ಭೌತಶಾಸ್ತ್ರ. ಪ್ರತಿ ವರ್ಷವೂ ‘ಇನ್ನೊಂದೇ ವರ್ಷ’ ಎಂದರೆ ಯಾರೋ ಯಾರಿಗೋ ನಿಜ ಹೇಳುತ್ತಿಲ್ಲ ಎಂದೇ ನನ್ನ ಊಹೆ.

ಶಿಂಚು ಅತಿಥಿ

ನಾನು ಕೆಲಸದ ನಿಮಿತ್ತ ತೈವಾನಿನಲ್ಲಿದ್ದೇನೆ. ಹಳೆಯದನ್ನು ಮರಳಿ ತಂದು ಗೆದ್ದ ಉದಾಹರಣೆ ಇಲ್ಲಿ ಕಣ್ಣೆದುರಿಗೇ ಇದೆ, ಆದ್ದರಿಂದ ಶಾನುಭೋಗರ ಪ್ರಶ್ನೆಯನ್ನು ಅಷ್ಟು ಸುಲಭವಾಗಿ ತಳ್ಳಿಹಾಕಬೇಡಿ. ಟಿಎಸ್‌ಎಂಸಿಯ ಸ್ಥಾಪಕ ಮಾರಿಸ್ ಚಾಂಗ್ 2009ರಲ್ಲಿ, 77ರ ವಯಸ್ಸಿನಲ್ಲಿ, ಮತ್ತೆ ಚುಕ್ಕಾಣಿ ಹಿಡಿದರು. ಆರ್ಥಿಕ ಹಿಂಜರಿತದಲ್ಲಿ ತೆಗೆದುಹಾಕಿದ್ದ ನೌಕರರನ್ನು ವಾಪಸ್ ಕರೆದರು, ನಿವೃತ್ತರಾಗಿದ್ದ ಸಂಶೋಧನಾ ಮುಖ್ಯಸ್ಥ ಚಿಯಾಂಗ್ ಶಾಂಗ್-ಯಿ ಅವರನ್ನೂ ಕರೆತಂದರು. ಎಲ್ಲರೂ ಖರ್ಚು ಕಡಿತ ಮಾಡುತ್ತಿದ್ದಾಗ ಬಂಡವಾಳ ವೆಚ್ಚವನ್ನು ಮರುವರ್ಷವೇ ಎರಡು ಪಟ್ಟಿಗೂ ಮೇಲೆ ಏರಿಸಿದರು.

ಆದರೆ ಚಾಂಗ್ ಮರಳಿ ತಂದದ್ದು ಟಿಎಸ್‌ಎಂಸಿ ಹುಟ್ಟಿದಂದಿನಿಂದ ಮಾಡುತ್ತಿದ್ದ ಕೆಲಸವನ್ನೇ: ಬೇರೆಯವರ ಚಿಪ್ ಮಾಡಿಕೊಡುವುದು. ಗೆಲ್ಸಿಂಗರ್ ಹಳೆಯ ಸಂಸ್ಕೃತಿಯ ಹೆಸರಿನಲ್ಲಿ ಮಾಡಹೊರಟದ್ದು ಇಂಟೆಲ್ ಎಂದೂ ಚೆನ್ನಾಗಿ ಮಾಡದ ಕೆಲಸವನ್ನು. ಮನೆಯಲ್ಲಿ ಸೊಗಸಾಗಿ ಅಡುಗೆ ಮಾಡುವವರು ಛತ್ರದ ಅಡುಗೆ ಗುತ್ತಿಗೆ ಹಿಡಿದ ಹಾಗೆ. ಮನೆಯಲ್ಲಿ ಉಪ್ಪು ಹೆಚ್ಚಾದರೆ ಮನೆಯವರು ಹೊಂದಿಕೊಂಡು ಉಣ್ಣುತ್ತಾರೆ. ಇಂಟೆಲ್‌ನ ವಿನ್ಯಾಸಕರು ದಶಕಗಳ ಕಾಲ ತಮ್ಮ ಕಾರ್ಖಾನೆಯ ವಕ್ರತೆಗೆ ತಕ್ಕಂತೆ ಚಿಪ್ ಬಗ್ಗಿಸಿದರು. ಹೊರಗಿನ ಗ್ರಾಹಕ ಹಾಗೆ ಬಗ್ಗುವುದಿಲ್ಲ. ಆತನಿಗೆ ಎಲ್ಲರೂ ಬಳಸುವ ತಂತ್ರಾಂಶದಲ್ಲಿ ಓಡುವ ವಿನ್ಯಾಸ ಕೈಪಿಡಿ ಬೇಕು, ರಾತ್ರಿ ಎರಡಕ್ಕೆ ಫೋನ್ ಎತ್ತುವವರು ಬೇಕು, ತನ್ನ ಗುಟ್ಟು ಪಕ್ಕದ ಕೋಣೆಗೆ ಹೋಗದೆಂಬ ಭರವಸೆ ಬೇಕು.

ಹಿಂದಿನ ಪ್ರಯತ್ನದ ಗತಿ ನೋಡಿ. 2013ರಲ್ಲಿ ಆಲ್ಟೆರಾ ಕಂಪನಿ ತನ್ನ ಚಿಪ್ಪುಗಳನ್ನು ಇಂಟೆಲ್‌ನ 14 ನ್ಯಾನೋಮೀಟರ್‌ನಲ್ಲಿ ಮಾಡಿಸಲು ಒಪ್ಪಿತು. ಕೆಲಸ ತಡವಾಯಿತು. 2015ರಲ್ಲಿ ಇಂಟೆಲ್ 1,670 ಕೋಟಿ ಡಾಲರ್ ಕೊಟ್ಟು ಗ್ರಾಹಕನನ್ನೇ ಕೊಂಡುಕೊಂಡಿತು! 2025ರಲ್ಲಿ ಅದರ ಶೇ 51 ಪಾಲು ಮಾರುವಾಗ ಇಡೀ ಆಲ್ಟೆರಾಗೆ ಕಟ್ಟಿದ ಬೆಲೆ 875 ಕೋಟಿ.

ಬೆಳ್ಳಂದೂರು ದಂಡೆ

ಛತ್ರದ ಅಡುಗೆಯ ಮಾತು ಒಪ್ಪಿದೆ. ಆದರೆ ಹಳೆಯ ಇಂಟೆಲ್‌ನಲ್ಲಿ ಎಲ್ಲವೂ ಚಿನ್ನವಾಗಿತ್ತೆಂದೂ ನಾನು ಹೇಳುತ್ತಿಲ್ಲ. 1994ರಲ್ಲಿ ಇಂಟೆಲ್‌ನ ಪೆಂಟಿಯಮ್ ಪ್ರೊಸೆಸರ್ ಭಾಗಾಕಾರ ತಪ್ಪಿದಾಗ ಗ್ರೋವ್ ಇದ್ದರು, ಮುಖಾಮುಖಿ ಸಂಸ್ಕೃತಿ ಇತ್ತು. ಆದರೂ ಮೊದಲು ‘ನಿಮಗೆ ನಿಜವಾಗಿ ಬೇಕೆಂದು ತೋರಿಸಿದರೆ ಬದಲಿಸಿಕೊಡುತ್ತೇವೆ’ ಎಂಬ ಧೋರಣೆ. ಐಬಿಎಂ ಮಾರಾಟ ನಿಲ್ಲಿಸಿ, ಊರೆಲ್ಲ ಉಗಿದ ಮೇಲೆಯೇ ಕೇಳಿದವರಿಗೆಲ್ಲ ಬದಲಿಸಿದರು. ಖರ್ಚು 47.5 ಕೋಟಿ ಡಾಲರ್. ಒಳಗೆ ಒಬ್ಬರ ಮೇಲೊಬ್ಬರು ಕೂಗಾಡುವ ಕಂಪನಿಗೆ ಹೊರಗಿನವನ ದನಿ ಕೇಳಿಸಿರಲಿಲ್ಲ.

ನಮ್ಮೂರಿಗೆ ಸಂಬಂಧಿಸಿದ ಒಂದು ಎಳೆಯೂ ಇದೆ. ಬೆಂಗಳೂರಿನ ತಂಡ ವಿನ್ಯಾಸ ಮಾಡುತ್ತಿದ್ದ ಸರ್ವರ್ ಚಿಪ್ ಒಂದಕ್ಕೆ ವೈಟ್‌ಫೀಲ್ಡ್ ಎಂದೇ ಸಂಕೇತನಾಮ. 2005ರಲ್ಲಿ ಅದನ್ನು ರದ್ದು ಮಾಡಿದರು. ಊರಿನ ಹೆಸರು ಹೊತ್ತ ಚಿಪ್ ಹುಟ್ಟುವ ಮೊದಲೇ ಸತ್ತಿತು. ಇಲ್ಲಿನ ತಂಡ ಅಲ್ಲಿಗೇ ನಿಲ್ಲಲಿಲ್ಲ. 2008ರಲ್ಲಿ ಆರು ತಿರುಳುಗಳ (ಕೋರ್) ಡನ್ನಿಂಗ್ಟನ್ ಚಿಪ್ ಹೊರಬಂತು, 190 ಕೋಟಿ ಟ್ರಾನ್ಸಿಸ್ಟರುಗಳು. ಸೋತ ತಂಡವನ್ನು ಉಳಿಸಿಕೊಂಡು ಮತ್ತೆ ದೊಡ್ಡ ಕೆಲಸ ಕೊಡುವುದೂ ಒಂದು ಸಂಸ್ಕೃತಿಯೇ. 2023ರ ಕೊನೆಗೆ ಸುಮಾರು 1.25 ಲಕ್ಷ ಇದ್ದ ನೌಕರರನ್ನು 75,000ದ ಆಸುಪಾಸಿಗೆ ಇಳಿಸಲು ಹೊರಟ ಕಂಪನಿಯಲ್ಲಿ ಅದಕ್ಕೆ ಜಾಗವಿದೆಯೇ?

ಎರಡನೇ ಪಾಳಿ

ತಡವಾಗಿ ಬಂದೆ, ತಡವಾದವರ ಪಟ್ಟಿಯಲ್ಲಿ ಸಹಿ ಹಾಕಿದ್ದೇನೆ ಎಂದುಕೊಳ್ಳಿ.

ಇಷ್ಟು ಮಾತಿನ ನಡುವೆ 1985 ಬರಲೇ ಇಲ್ಲವಲ್ಲ! ಇಂಟೆಲ್ ಹುಟ್ಟಿದ್ದು ಮೆಮೊರಿ ಚಿಪ್ ಮಾಡಲು. 1970ರ 1103 ಎಂಬ ಮೆಮೊರಿ ಚಿಪ್ ಅವರಿಗೆ ಹೆಸರು ತಂದದ್ದು. ಎಂಬತ್ತರ ದಶಕದಲ್ಲಿ ಜಪಾನಿನವರು ಅದನ್ನೇ ಹೆಚ್ಚು ಚೆನ್ನಾಗಿ, ಅಗ್ಗವಾಗಿ ಮಾಡತೊಡಗಿದರು. 1985ರಲ್ಲಿ ಒಂದು ದಿನ ಗ್ರೋವ್ ತಮ್ಮ ಕಚೇರಿಯಲ್ಲಿ ಗಾರ್ಡನ್ ಮೂರ್ ಎದುರು ಕುಳಿತು ಕಿಟಕಿಯಾಚೆ ನೋಡುತ್ತಾ ಕೇಳಿದರಂತೆ: ನಮ್ಮಿಬ್ಬರನ್ನೂ ಓಡಿಸಿ ಬೇರೊಬ್ಬನನ್ನು ತಂದರೆ ಅವನು ಏನು ಮಾಡಿಯಾನು? ಮೆಮೊರಿಯನ್ನು ಬಿಟ್ಟುಬಿಡುತ್ತಾನೆ ಎಂದರು ಮೂರ್. ಹಾಗಾದರೆ ನಾವೇ ಬಾಗಿಲಾಚೆ ಹೋಗಿ ಮತ್ತೆ ಒಳಗೆ ಬಂದು ಆ ಕೆಲಸ ಮಾಡಬಾರದೇಕೆ ಎಂದರು ಗ್ರೋವ್. ಮಾಡಿದರು. 1986ರಲ್ಲಿ 17.3 ಕೋಟಿ ಡಾಲರ್ ನಷ್ಟ, ಸಾವಿರಾರು ಜನ ಮನೆಗೆ. ಆಮೇಲೆ ಪ್ರೊಸೆಸರ್‌ಗಳ ಯುಗ.

ಮನೆದೇವರನ್ನೇ ಗುಡಿಯಿಂದ ಎತ್ತಿ ಹೊರಗಿಟ್ಟದ್ದು ಗ್ರೋವ್ ಸಂಸ್ಕೃತಿಯ ತಿರುಳು. ಅದಕ್ಕಾಗಿ ಅವರು ಬಾಗಿಲಾಚೆ ಹೋಗಿ ಬಂದರು. ಗೆಲ್ಸಿಂಗರ್ ಹೊರಗಿನಿಂದ ಬಂದವರು, ಆದರೆ ಒಳಗೆ ಬಂದೊಡನೆ ಕಾರ್ಖಾನೆಯೆಂಬ ಮನೆದೇವರಿಗೆ ಹೊಸ ಗೋಪುರ ಕಟ್ಟಿಸಲು ನಿಂತರು: ಅರಿಜೋನಾ, ಒಹಾಯೊ, ಜರ್ಮನಿ, ಎಲ್ಲ ಕಡೆ ಒಟ್ಟಿಗೆ. ಗ್ರೋವ್ ಹೆಸರು ಹೇಳಿ ಗ್ರೋವ್ ಮಾಡಿದ್ದಕ್ಕೆ ತದ್ವಿರುದ್ಧವಾದದ್ದನ್ನು ಮಾಡಿದರು ಎಂದೇ ನನ್ನ ಅಭಿಪ್ರಾಯ. ತಪ್ಪು ಎನ್ನುತ್ತಿಲ್ಲ. ಕಾರ್ಖಾನೆ ಬಿಟ್ಟರೆ ಅಮೆರಿಕದಲ್ಲಿ ಮುಂಚೂಣಿಯ ಚಿಪ್ ಮಾಡುವ ಸ್ವದೇಶಿ ಕಂಪನಿಯೇ ಉಳಿಯುವುದಿಲ್ಲ ಎಂಬುದು ಅವರ ವಾದ, ಅದರಲ್ಲಿ ತೂಕವಿದೆ. ಆದರೆ ಅದನ್ನು ಗ್ರೋವ್ ಸಂಸ್ಕೃತಿ ಎನ್ನಬೇಡಿ. ನಿಜವಾದ ಗ್ರೋವ್ ಸಂಸ್ಕೃತಿ ನೋಡಬೇಕೆಂದರೆ ಎದುರಾಳಿ ಎಎಂಡಿಯ ಕಡೆ ನೋಡಿ. ‘ಗಂಡಸಾದವನಿಗೆ ಸ್ವಂತ ಕಾರ್ಖಾನೆ ಇರಬೇಕು’ ಎಂಬ ಮಾತು ಹುಟ್ಟಿದ್ದೇ ಅದರ ಸ್ಥಾಪಕನ ಬಾಯಲ್ಲಿ. ಅದೇ ಕಂಪನಿ 2009ರಲ್ಲಿ ಕಾರ್ಖಾನೆಗಳನ್ನು ಬೇರ್ಪಡಿಸಿ ಕೈತೊಳೆದುಕೊಂಡಿತು. 2015ರಲ್ಲಿ ಅದರ ಷೇರು ಎರಡು ಡಾಲರಿಗೂ ಕೆಳಗಿತ್ತು. 2017ರಲ್ಲಿ ಝೆನ್ ಎಂಬ ಹೊಸ ಪ್ರೊಸೆಸರ್ ವಿನ್ಯಾಸ ಬಂತು.

ಲೆಕ್ಕದ ಪುಸ್ತಕ

ಎರಡನೇ ಪಾಳಿಯವರೇ, ಎಎಂಡಿಗೆ ಕಾರ್ಖಾನೆ ಬಿಟ್ಟು ಹೋಗಲು ಟಿಎಸ್‌ಎಂಸಿ ಎಂಬ ನೆರಳಿತ್ತು. ಇಂಟೆಲ್ ಬಿಟ್ಟರೆ ಎಲ್ಲರೂ ಒಂದೇ ಮರದ ಕೆಳಗೆ ನಿಲ್ಲಬೇಕಾಗುತ್ತದೆ. ಸರ್ಕಾರ 890 ಕೋಟಿ ಕೊಟ್ಟದ್ದು ಅದನ್ನು ತಡೆಯಲು.

ಎರಡನೇ ಪಾಳಿ

ಒಪ್ಪುತ್ತೇನೆ. ಅದಕ್ಕೇ ಟಾನ್ ಹಾಕಿದ ಒಂದು ಷರತ್ತು ನನಗೆ ಹಾಜರಿ ಸುತ್ತೋಲೆಗಿಂತ ಮುಖ್ಯವಾಗಿ ಕಾಣುತ್ತದೆ. 2025ರ ಜುಲೈಯಲ್ಲಿ ಇನ್ನು ಖಾಲಿ ಚೆಕ್ ಇಲ್ಲ ಎಂದರು. ಜರ್ಮನಿ, ಪೋಲೆಂಡ್ ಯೋಜನೆಗಳನ್ನು ಕೈಬಿಟ್ಟರು. 14ಎ ಎಂಬ ಮುಂದಿನ ತಯಾರಿಕಾ ತಂತ್ರಜ್ಞಾನಕ್ಕೆ ಗ್ರಾಹಕರು ಖಚಿತ ಮಾತು ಕೊಟ್ಟರೆ ಮಾತ್ರ ಹಣ ಎಂದರು. ಅಂದರೆ ಮನೆದೇವರನ್ನು ಎತ್ತಿ ಹೊರಗಿಡುವ ಸಾಧ್ಯತೆಯನ್ನು ಮೊದಲ ಸಲ ಬಾಯಿಬಿಟ್ಟು ಹೇಳಿದರು. ಷೇರುದಾರರು ಬೆಚ್ಚಿದರು. ನನಗೆ ಮಾತ್ರ, ನಲವತ್ತು ವರ್ಷಗಳ ನಂತರ ಯಾರೋ ಮತ್ತೆ ಬಾಗಿಲ ಹಿಡಿಕೆಗೆ ಕೈಯಿಟ್ಟ ಸದ್ದು ಕೇಳಿಸಿತು.

ಒಂದು ಮಾತ್ರ ಹಿಡಿಸಲಿಲ್ಲ. ಪ್ರತಿ ದೊಡ್ಡ ಚಿಪ್ ವಿನ್ಯಾಸವನ್ನೂ ತಯಾರಿಕೆಗೆ ಕಳಿಸುವ ಮೊದಲು ತಾವೇ ನೋಡಿ ಒಪ್ಪುತ್ತಾರಂತೆ. ಬೆಳ್ಳಂದೂರಿನವರ ಕೆಂಪು ಚುಕ್ಕೆ ಈಗ ಇನ್ನೂ ಒಂದು ಮೆಟ್ಟಿಲು ಹತ್ತಬೇಕು.

ಬೆಳ್ಳಂದೂರು ದಂಡೆ

ನಡುವಿನ ಮೆಟ್ಟಿಲುಗಳನ್ನು ಕಿತ್ತಿದ್ದರೆ ಪರವಾಗಿಲ್ಲ. ಕೆಂಪು ಕೆಂಪಾಗಿಯೇ ತಲುಪೀತು. ಹಾಗೆ ತಲುಪಿಸಿದವನಿಗೆ ಮುಂದಿನ ಮಾರ್ಚ್‌ನಲ್ಲಿ ಎಷ್ಟು ಸಂಬಳ ಏರಿತು ಎಂದು ತಿಳಿದರೆ ಶಾನುಭೋಗರ ಪ್ರಶ್ನೆಗೆ ನಾನು ಉತ್ತರ ಕೊಡಬಲ್ಲೆ. ನನಗೆ ಆ ವರ್ಷ ‘ಸಕಾರಾತ್ಮಕ ಮನೋಭಾವ ಬೆಳೆಸಿಕೊಳ್ಳಬೇಕು’ ಎಂದು ಬರೆದುಕೊಟ್ಟಿದ್ದರು.

ಸರ್ಕ್ಯೂಟ್ ಶಾನುಭೋಗ

ಎಲ್ಲರಿಗೂ ವಂದನೆ. ಹುಡುಗ ಕೊನೆಗೆ ಎಎಂಡಿ ಇರುವುದನ್ನೇ ಕೊಂಡ. 1985ರ ಕಥೆ ಹೇಳಿದೆ, ಕೇಳಿಸಿಕೊಂಡು ‘ಹಾಗಾದರೆ ಅವರು ಈಗ ಏನನ್ನು ಬಿಡಬೇಕು?’ ಎಂದ. ನಾನು ಇಲ್ಲಿನ ಉತ್ತರಗಳನ್ನು ಮತ್ತೊಮ್ಮೆ ಓದುತ್ತಿದ್ದೇನೆ.

ಅಂದ ಹಾಗೆ, ಪೋರ್ಟ್‌ಲ್ಯಾಂಡಿನವರೇ, ಕಾಫಿ, ಚಹಾ ಮರಳಿದವು ಎಂದಿರಿ. ಹಣ್ಣು?

ಪೋರ್ಟ್‌ಲ್ಯಾಂಡ್ ಮಳೆ

ಆ ಸುತ್ತಿನಲ್ಲಿ ಇಲ್ಲ.